ನಿಧಾನಕ್ಕೆ ಉತ್ತರ ಹೇಳುವ ಪೆಟ್ಟಿಗೆ

ಮಕ್ಕಳಿಗಾಗಿ ಆ್ಯಪ್, ಆಟಿಕೆ, ಸಣ್ಣಪುಟ್ಟ ಎಲೆಕ್ಟ್ರಾನಿಕ್ ಸಾಧನಗಳನ್ನು ರೂಪಿಸುವುದು ನನ್ನ ಕೆಲಸ. ಕೊಪ್ಪಳ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಗೆ ಮೊದಲ ಸಲ ಹೋದಾಗ ಟ್ಯಾಬ್ಲೆಟ್ ಹಿಡಿದುಕೊಂಡು ಹೋಗಿದ್ದೆ. ಅದರಲ್ಲಿ ನಾನೇ ಮಾಡಿದ ಹಕ್ಕಿಗಳ ಆಟ ಇತ್ತು. ಕೆರೆ ದಂಡೆಯಲ್ಲಿ ಆರನೇ ತರಗತಿಯ ಮಕ್ಕಳು ಅದಕ್ಕೆ ಮುತ್ತಿಕೊಂಡರು. ಒಳಗೆ ಟಿಟ್ಟಿಭ ಕೂಗಿತು, ಎಲ್ಲರೂ ನಕ್ಕರು. ನಿಜವಾದ ಟಿಟ್ಟಿಭವೊಂದು ನಮ್ಮ ತಲೆ ಮೇಲೆಯೇ ಕೂಗುತ್ತಾ ಸುತ್ತುತ್ತಿತ್ತು. ಒಬ್ಬರೂ ತಲೆ ಎತ್ತಲಿಲ್ಲ. ಜಾಗ ಸಿಗದೆ ಹಿಂದೆ ನಿಂತಿದ್ದ ಹುಡುಗ ಮಾತ್ರ, ‘ಸರ, ಹಕ್ಕಿ ಮ್ಯಾಲೈತ್ರೀ’ ಅಂದ.

ಆ ಆಟವನ್ನು ಮತ್ತೆ ತೆರೆಯಲಿಲ್ಲ.

ಹೆಸರು ಹೇಳುವ ಆ್ಯಪ್‌ಗಳ ಮೇಲೆ ನನಗೆ ಸಿಟ್ಟಿಲ್ಲ. ಹಕ್ಕಿ ಕೂಗು ಕೇಳಿ ಗುರುತಿಸುವ ಮರ್ಲಿನ್, ಫೋಟೋ ನೋಡಿ ಗಿಡ ಗುರುತಿಸುವ ಐನ್ಯಾಚುರಲಿಸ್ಟ್ ಎರಡೂ ನನ್ನ ಫೋನಿನಲ್ಲಿವೆ. ಆದರೆ ಹೆಸರು ಸಿಕ್ಕ ಕೂಡಲೇ ಮಗು ಮುಂದಕ್ಕೆ ಹೋಗಿಬಿಡುತ್ತದೆ. ಶಾಲೆಯ ಬೇಲಿಯ ಮುಳ್ಳುಗಿಡಕ್ಕೆ ಫೋನು ಹಿಡಿದರೆ ಲ್ಯಾಟಿನ್ನಿನ ವೈಜ್ಞಾನಿಕ ಹೆಸರೊಂದು ಬರುತ್ತದೆ. ಅದು ಅಮೆರಿಕ ಖಂಡದಿಂದ ಬಂದ ಗಿಡ. ನಾವದಕ್ಕೆ ಇಟ್ಟ ಹೆಸರು ಬಳ್ಳಾರಿ ಜಾಲಿ! ಅಷ್ಟು ದೂರದ್ದು ಇಷ್ಟು ಹತ್ತಿರದ ಹೆಸರು ಪಡೆದದ್ದು ಹೇಗೆ, ಅದರ ಕೆಳಗೆ ಹುಲ್ಲು ಯಾಕೆ ಕಡಿಮೆ, ಕುರಿ ಅದರ ಕಾಯಿ ತಿಂದರೆ ಏನಾಗುತ್ತದೆ ಅನ್ನುವುದೆಲ್ಲ ಹೆಸರಿನ ಆಚೆಗಿನ ಮಾತು.

ಇಂಗ್ಲೆಂಡಿನಲ್ಲಿ 2000ದ ಆರಂಭದ ವರ್ಷಗಳಲ್ಲಿ ಆ್ಯಂಬಿಯಂಟ್ ವುಡ್ ಅನ್ನುವ ಪ್ರಯೋಗ ನಡೆದಿತ್ತು. ಸಂಶೋಧಕಿ ಇವೊನ್ ರಾಜರ್ಸ್ ಮತ್ತು ಅವರ ಜೊತೆಯವರು ಮಕ್ಕಳನ್ನು ಕಾಡಿಗೆ ಕರೆದುಕೊಂಡು ಹೋಗಿ, ಬೆಳಕು ಮತ್ತು ತೇವ ಅಳೆಯುವ ಸಾಧನ ಕೈಗೆ ಕೊಟ್ಟರು. ಎಲ್ಲಿ ಅಳೆಯಬೇಕು ಅನ್ನುವುದು ಮಕ್ಕಳ ಇಷ್ಟ. ನಾನು ಕದ್ದದ್ದು ಇದನ್ನೇ. ನಮ್ಮ ಕಡೆ ಅಳೆಯಲು ಬಿಸಿಲಿಗಿಂತ ಬೇರೆ ಏನು ಬೇಕು?

ಹಾಗೆ ಹುಟ್ಟಿದ್ದು ನೆಲದ ಬಿಸಿ ಅಳೆಯುವ ಈ ಪೆಟ್ಟಿಗೆ. ಒಳಗೆ ಇರುವುದು ಮೈಕ್ರೋಬಿಟ್, ಬಿಬಿಸಿಯವರು 2016ರಲ್ಲಿ ಬ್ರಿಟನ್ನಿನ ಶಾಲಾಮಕ್ಕಳಿಗೆ ಹಂಚಿದ ಅಂಗೈಗಿಂತ ಚಿಕ್ಕ ಬೋರ್ಡು. 25 ಪುಟ್ಟ ದೀಪ, 2 ಗುಂಡಿ. ಅದರಲ್ಲೇ ಉಷ್ಣಾಂಶ ನೋಡಬಹುದು, ಆದರೆ ಅದು ಹೇಳುವುದು ತನ್ನೊಳಗಿನ ಚಿಪ್‌ನ ಬಿಸಿಯನ್ನು. ನೆಲದ ಬಿಸಿ ಅದಕ್ಕೇನು ಗೊತ್ತು? ಹಾಗಾಗಿ ಉದ್ದ ತಂತಿಯ ತುದಿಗೆ ಸ್ಟೀಲ್ ಕೊಳವೆ ಇರುವ, ಬಿಸಿ ಅಳೆಯುವ ಡಿಎಸ್18ಬಿ20 ಸೆನ್ಸರ್ ಜೋಡಿಸಿದೆ. ಟ್ಯಾಬ್ಲೆಟ್ ಯಾಕೆ ಬೇಡ ಅಂದರೆ, ಐಪ್ಯಾಡನ್ನು 35 ಡಿಗ್ರಿಯೊಳಗೆ ಬಳಸಿ ಎಂದು ಅದರ ಕಂಪನಿಯೇ ಹೇಳುತ್ತದೆ. ಏಪ್ರಿಲ್‌ನಲ್ಲಿ ರಾಯಚೂರು, ಕೊಪ್ಪಳದ ಕಡೆ ಮಧ್ಯಾಹ್ನದ ಹೊತ್ತಿಗೆ ಆ ಲೆಕ್ಕ ಎಲ್ಲಿರುತ್ತದೆ ಹೇಳಿ. ಬಿಸಿಲಿಗೆ ಪುಟ್ಟ ದೀಪಗಳೂ ಕಾಣಲಿಲ್ಲ. ಕೊನೆಗೆ ಒಂದು ಬಜರ್ ಹಾಕಿದೆ: ಬಿಸಿ ಏರಿದಷ್ಟೂ ದನಿ ಏರುತ್ತದೆ.

ಆದರೆ ಸ್ಟೀಲ್ ಕೊಳವೆ ಬಿಸಿಯಾಗಿ ಅಂಕಿ ನಿಲ್ಲಲು ಒಂದು ನಿಮಿಷದ ಮೇಲೇ ಬೇಕು. ಕಾಯುವಂತೆ ಮಾಡುವ ಸಾಧನ ಕೆಟ್ಟ ಸಾಧನ ಎಂದು ನಮ್ಮ ವೃತ್ತಿಯಲ್ಲಿ ಹೇಳಿಕೊಡುತ್ತಾರೆ. ಬೇಗ ತೋರಿಸುವ ಸೆನ್ಸರ್ ಹುಡುಕುತ್ತಾ ಎರಡು ವಾರ ಕಳೆದೆ. ಅಷ್ಟರಲ್ಲಿ ಮಕ್ಕಳು ಹಳೆಯದನ್ನೇ ಹಿಡಿದು ಎರೆ ಹೊಲ, ಕೆಂಪು ಮಣ್ಣಿನ ಮಸಾರಿ ಹೊಲ, ಬೇವಿನ ನೆರಳು, ತಗಡಿನ ಶೆಡ್ಡು ಎಲ್ಲ ಸುತ್ತಿದ್ದರು. ತಂತಿ ಚುಚ್ಚಿ ದನಿ ಒಂದೇ ಮಟ್ಟಕ್ಕೆ ಬಂದು ನಿಲ್ಲುವವರೆಗೆ ಹೊಟ್ಟೆ ಮೇಲೆ ಮಲಗಿ ಕಾಯುತ್ತಿದ್ದರು. ಸುಮ್ನೆ ಕಾಯೋದು ಮಕ್ಕಳಿಗೆ ಆಗಲ್ಲ ಅಲ್ವಾ? ಕಣ್ಣು ನೆಲದ ಮೇಲೆ ಓಡಾಡುತ್ತಿತ್ತು. ಉಸುಕಿನಲ್ಲಿ ಆಲಿಕೆಯಂಥ ಕುಳಿ ತೋಡಿ ಇರುವೆಗೆ ಕಾಯುವ ಹುಳ ಸಿಕ್ಕಿದ್ದು ಹೀಗೆ. ಬೇಗ ತೋರಿಸುವ ಸೆನ್ಸರ್ ಬಂತು, ಇನ್ನೂ ಡಬ್ಬಿಯಲ್ಲೇ ಇದೆ.

ಒಂದು ದಿನ ಬಯಲಿನ ಮಸಾರಿ ನೆಲ 52 ಡಿಗ್ರಿ ತೋರಿಸಿತು, ಬೇವಿನ ಕೆಳಗೆ 34. ಕುರಿ ಕಾಯುವ ಮನೆಯ ಹುಡುಗಿಯೊಬ್ಬಳು ಕೇಳಿದಳು, ‘ಹಂಗಾರ ಟಿಟ್ಟಿಭದ ತತ್ತಿ ಬೇಯೂದಿಲ್ಲೇನ್ರಿ?’ ಟಿಟ್ಟಿಭ ಬಯಲಲ್ಲೇ ಮೊಟ್ಟೆ ಇಡುತ್ತದೆ, ನೆರಳಿಲ್ಲ, ಗೂಡು ಅಂದರೆ ನಾಲ್ಕು ಕಲ್ಲಿನ ನಡುವಿನ ತಗ್ಗು. ನಾನು ಉತ್ತರ ಹೇಳಲಿಲ್ಲ. ನಾಲ್ಕು ದಿನ ಬಿಟ್ಟು ಅವಳೇ ಬಂದು, ಹಕ್ಕಿ ಕೆರೆಗೆ ಹೋಗಿ ಹೊಟ್ಟೆ ತೋಯಿಸಿಕೊಂಡು ಬಂದು ಕೂರುತ್ತದೆ ಅಂದಳು. ಹಕ್ಕಿ ಬಲ್ಲವರೂ ಇದನ್ನು ದಾಖಲಿಸಿದ್ದಾರೆ. ಅವಳು ಕಂಡದ್ದು ಕುರಿ ಹಿಂದೆ ನಿಂತು.

ಗೂಡಿನ ಹತ್ತಿರ ತಂತಿ ಒಯ್ಯುವಂತಿಲ್ಲ ಎಂಬುದು ನಮ್ಮ ಕಟ್ಟಾ ನಿಯಮ. ಹಕ್ಕಿ ಗಾಬರಿಯಾಗಿ ಎದ್ದರೆ ಮೊಟ್ಟೆ ಬಿಸಿಲಿಗೆ ಬೀಳುತ್ತದೆ. ಅದಕ್ಕೆ ಮಕ್ಕಳು ಶಾಲೆ ಅಂಗಳದಲ್ಲೇ ಎರಡು ದುಂಡು ಕಲ್ಲು ಇಟ್ಟು, ಒಂದಕ್ಕೆ ಒದ್ದೆ ಬಟ್ಟೆ ಹೊದಿಸಿ ಅಳೆದರು. ಒಂದನ್ನು ಅಳೆಯುವಷ್ಟರಲ್ಲಿ ಇನ್ನೊಂದರ ಬಟ್ಟೆ ಒಣಗಿತು.

ಅಮೆರಿಕದ ಸಂಶೋಧಕಿ ಆ್ಯಲಿಸನ್ ಡ್ರೂಯಿನ್ 2002ರಲ್ಲಿ ಬರೆದ ಲೇಖನವೊಂದರಲ್ಲಿ ತಂತ್ರಜ್ಞಾನದ ವಿನ್ಯಾಸದಲ್ಲಿ ಮಕ್ಕಳಿಗೆ ನಾಲ್ಕು ಪಾತ್ರ ಹೇಳಿದ್ದರು: ಬಳಸುವವರು, ಪರೀಕ್ಷಿಸುವವರು, ಮಾಹಿತಿ ಕೊಡುವವರು, ಜೊತೆಗೂಡಿ ರೂಪಿಸುವವರು. ಕೊನೆಯದು ಓದಲು ಚೆಂದ, ಮಾಡುವುದು ಕಷ್ಟ ಎಂದುಕೊಂಡಿದ್ದೆ. ಅವತ್ತು ಆ ಹುಡುಗಿ ಪೆಟ್ಟಿಗೆ ತಿರುಗಿಸಿ ನೋಡಿ, ‘ಇದಕ್ಕ ಇನ್ನೊಂದು ವಾಯರ್ ಹಾಕ್ರಿ ಸರ, ಎರಡೂ ಒಮ್ಮೆಲೆ ನೋಡಬೇಕು’ ಅಂದಳು. ಎರಡನೇ ತಂತಿ ಬೆಸೆಯುತ್ತಾ ಕೂತಿದ್ದೇನೆ. ದನಿ ಎರಡಕ್ಕೂ ಒಂದೇ ಇರಬೇಕೋ ಬೇರೆ ಬೇರೆಯೋ, ಅದನ್ನು ಅವಳನ್ನೇ ಕೇಳಬೇಕು.