ಒಂದು ಜೋಡಿ ಸ್ಪೀಕರಿಗೆ ಎರಡು ಆಂಪ್ಲಿಫೈಯರ್ ಬೇಕೇ?

ಪ್ರಶ್ನೆ: ನನ್ನ ಸ್ಪೀಕರುಗಳ ಹಿಂಬದಿಯಲ್ಲಿ ಎರಡರ ಬದಲು ನಾಲ್ಕು ಟರ್ಮಿನಲ್‌ಗಳಿವೆ. 100 ವ್ಯಾಟ್‌ನ ಆಂಪ್ಲಿಫೈಯರ್ ಬಳಸುತ್ತಿದ್ದೇನೆ. ಅಷ್ಟೇ ಸಾಮರ್ಥ್ಯದ ಇನ್ನೊಂದು ಸುಮ್ಮನೆ ಬಿದ್ದಿದೆ. ಅದನ್ನೂ ಜೋಡಿಸಿದರೆ 200 ವ್ಯಾಟ್ ಸಿಗುತ್ತದೆಯೇ?

ಉತ್ತರ: ಸಿಗುವುದಿಲ್ಲ. ಒಂದು ವೇಳೆ ಸಿಕ್ಕಿದ್ದರೂ ನಿಮಗೆ ನಿರಾಸೆಯಾಗುತ್ತಿತ್ತು. ಶಕ್ತಿ ಇಮ್ಮಡಿಯಾದರೆ ಧ್ವನಿ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರಾಗಿ ಕೇಳಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ಶಕ್ತಿ.

ಆ ನಾಲ್ಕು ಟರ್ಮಿನಲ್‌ಗಳಲ್ಲಿ ಒಂದು ಜೋಡಿ ತಗ್ಗಿನ ಸ್ವರ ನುಡಿಸುವ ವೂಫರಿನದು, ಇನ್ನೊಂದು ಹೆಚ್ಚಿನ ಸ್ವರ ನುಡಿಸುವ ಟ್ವೀಟರಿನದು. ಎರಡನ್ನೂ ಲೋಹದ ಪಟ್ಟಿಗಳು ಕೂಡಿಸಿರುತ್ತವೆ. ಎರಡು ಆಂಪ್ಲಿಫೈಯರ್ ಬಳಸುವುದಾದರೆ ಮೊದಲ ತಂತಿ ಮುಟ್ಟುವ ಮುನ್ನವೇ ಆ ಪಟ್ಟಿಗಳನ್ನು ತೆಗೆಯಿರಿ. ಮರೆತರೆ ಒಂದು ಆಂಪ್ಲಿಫೈಯರಿನ ಔಟ್‌ಪುಟ್ ನೇರವಾಗಿ ಇನ್ನೊಂದರ ಔಟ್‌ಪುಟ್‌ಗೆ ತಗುಲುತ್ತದೆ, ಕ್ಷಣಮಾತ್ರದಲ್ಲಿ ಎರಡೂ ಸುಟ್ಟುಹೋಗಬಹುದು. ಈ ಇಡೀ ಉತ್ತರದಲ್ಲಿ ಒಂದೇ ವಾಕ್ಯ ನೆನಪಿಟ್ಟುಕೊಳ್ಳುವುದಾದರೆ ಅದು ಇದಾಗಿರಲಿ.

ಇನ್ನು ಲಾಭದ ಮಾತು. ಸಂಗೀತದಲ್ಲಿ ತಗ್ಗಿನ ಸ್ವರವೂ ಹೆಚ್ಚಿನ ಸ್ವರವೂ ಒಟ್ಟಿಗೆ ಬರುತ್ತವೆ. ಒಂದು ಕ್ಷಣದಲ್ಲಿ ಮೃದಂಗದ ಎಡಬದಿಯ ಗುಂಕಾರಕ್ಕೆ 20 ವೋಲ್ಟ್, ಅದೇ ಕ್ಷಣದ ತಾಳದ ಝಣತ್ಕಾರಕ್ಕೆ 20 ವೋಲ್ಟ್ ಶಿಖರ ಬೇಕೆನ್ನಿ. ಎರಡೂ ಕೂಡಿದಾಗ ಆಂಪ್ಲಿಫೈಯರ್ 40 ವೋಲ್ಟ್ ಮುಟ್ಟಬೇಕಾಗುತ್ತದೆ. 8 ಓಮ್ ಸ್ಪೀಕರಿನಲ್ಲಿ 20 ವೋಲ್ಟ್ ಶಿಖರವೆಂದರೆ 25 ವ್ಯಾಟ್; 40 ವೋಲ್ಟ್ ಎಂದರೆ 100 ವ್ಯಾಟ್. ನಿಮ್ಮ ಜೋಡಣೆಯಲ್ಲಿ ಸ್ವರಗಳನ್ನು ಬೇರ್ಪಡಿಸುವ ಕ್ರಾಸ್‌ಓವರ್ ಇರುವುದು ಸ್ಪೀಕರಿನ ಪೆಟ್ಟಿಗೆಯೊಳಗೆ, ಆಂಪ್ಲಿಫೈಯರ್ ದಾಟಿದ ಮೇಲೆ. ಹಾಗಾಗಿ ಎರಡೂ ಆಂಪ್ಲಿಫೈಯರ್‌ಗಳು ಪೂರ್ಣ ಸಂಗೀತವನ್ನೇ ಹೊರಬೇಕು, ಎರಡೂ 40 ವೋಲ್ಟ್ ಏರಲೇಬೇಕು. ಮೊದಲಿನ ಆಂಪ್ಲಿಫೈಯರ್ ಎಲ್ಲಿ ಸೋತು ಧ್ವನಿ ಒಡೆಯುತ್ತಿತ್ತೋ ಹೆಚ್ಚುಕಡಿಮೆ ಅಲ್ಲಿಯೇ ಇವೂ ಸೋಲುತ್ತವೆ. ಕರೆಂಟಿನ ಹೊರೆ ಮಾತ್ರ ಹಂಚಿಹೋಗುತ್ತದೆ. ಓಮ್ ಕಡಿಮೆಯಿರುವ, ಆಂಪ್ಲಿಫೈಯರಿಗೆ ಕಷ್ಟವೆನಿಸುವ ಸ್ಪೀಕರುಗಳಲ್ಲಿ ಅದರಿಂದ ಸ್ವಲ್ಪ ಅನುಕೂಲವಿದೆ.

ಸಿಗ್ನಲನ್ನು ಆಂಪ್ಲಿಫೈಯರಿಗೆ ಮೊದಲೇ ವಿಂಗಡಿಸಿದರೆ ಕಥೆಯೇ ಬೇರೆ. ಆಗ ಎಲೆಕ್ಟ್ರಾನಿಕ್ ಕ್ರಾಸ್‌ಓವರ್ ಮುಂದೆ ನಿಂತು ಒಂದಕ್ಕೆ ತಗ್ಗಿನ ಸ್ವರವನ್ನು, ಇನ್ನೊಂದಕ್ಕೆ ಹೆಚ್ಚಿನ ಸ್ವರವನ್ನು ಮಾತ್ರ ಕೊಡುತ್ತದೆ. ಮೇಲಿನ ಉದಾಹರಣೆಯ ಕೆಲಸವನ್ನು 25 ವ್ಯಾಟ್‌ನ ಎರಡು ಆಂಪ್ಲಿಫೈಯರ್‌ಗಳೇ ಮಾಡಿ ಮುಗಿಸುತ್ತವೆ. ವೂಫರಿನ ಆಂಪ್ಲಿಫೈಯರ್ ಜೋರಾದ ಹೊಡೆತಕ್ಕೆ ತತ್ತರಿಸಿದರೂ ಆ ಕರ್ಕಶತೆ ಟ್ವೀಟರಿಗೆ ತಲುಪುವುದಿಲ್ಲ. ಈ ವಿಧಾನದ ಬಗ್ಗೆ ನನಗೆ ನಿಜವಾದ ಗೌರವವಿದೆ. ಆದರೆ ಇದಕ್ಕಾಗಿ ಪೆಟ್ಟಿಗೆಯೊಳಗಿನ ಕ್ರಾಸ್‌ಓವರನ್ನು ತೆಗೆದುಹಾಕಬೇಕು, ಅದರ ಜೊತೆಗೆ ಟ್ವೀಟರನ್ನು ಕಾಯುತ್ತಿದ್ದ ಕೆಪಾಸಿಟರೂ ಹೋಗುತ್ತದೆ. ಆಮೇಲೆ ಸ್ವಿಚ್ ಒತ್ತಿದಾಗಿನ ಒಂದು ‘ಧಡ್’ ಸದ್ದೇ ಟ್ವೀಟರಿನ ಕೊನೆಯ ಸದ್ದಾಗಬಹುದು. ತಯಾರಕರು ಆ ಸ್ಪೀಕರಿಗೆಂದೇ ಲೆಕ್ಕ ಹಾಕಿ ಕೂಡಿಸಿದ್ದ ತಿದ್ದುಪಡಿಗಳನ್ನೂ ನೀವೇ ಅಳೆದು ಮರುಸೃಷ್ಟಿಸಬೇಕು. ಅಳತೆಯ ಮೈಕ್ ಇಲ್ಲದೆ ಇದಕ್ಕೆ ಕೈಹಾಕಬೇಡಿ.

ನಿಮ್ಮ ಎರಡೂ ಆಂಪ್ಲಿಫೈಯರ್‌ಗಳು ಒಂದೇ ಮಾದರಿಯವೇ? ಹಾಗಿದ್ದರೆ, ಪಟ್ಟಿ ತೆಗೆದು, ಒಂದೇ ವಾಲ್ಯೂಮ್ ನಿಯಂತ್ರಣದಿಂದ ಎರಡಕ್ಕೂ ಸಿಗ್ನಲ್ ಹಂಚಿ ಕೇಳಿ ನೋಡಬಹುದು. ಬೇರೆ ಬೇರೆ ಮಾದರಿಯವಾದರೆ ಅವುಗಳ ಗೇನ್, ಅಂದರೆ ಸಿಗ್ನಲನ್ನು ಎಷ್ಟು ಪಟ್ಟು ಹಿಗ್ಗಿಸುತ್ತವೆ ಎಂಬುದು, ಸಾಮಾನ್ಯವಾಗಿ ಹೊಂದುವುದಿಲ್ಲ. 3 ಡೆಸಿಬೆಲ್ ವ್ಯತ್ಯಾಸವಿದ್ದರೂ ಟ್ವೀಟರ್ ಚುಚ್ಚತೊಡಗುತ್ತದೆ ಅಥವಾ ಗಾಯಕರ ದನಿ ಕಂಬಳಿ ಹೊದ್ದಂತೆ ಮಂಕಾಗುತ್ತದೆ. ಎರಡಕ್ಕೂ ಬೇರೆ ವಾಲ್ಯೂಮ್ ಗುಂಡಿಗಳಿದ್ದರಂತೂ ಪ್ರತಿ ಬಾರಿ ತಿರುಗಿಸಿದಾಗಲೂ ಸಮತೋಲ ತಪ್ಪುತ್ತದೆ.

ನಾನಾಗಿದ್ದರೆ ಸ್ಪೀಕರಿನ ತಂಟೆಗೇ ಹೋಗುತ್ತಿರಲಿಲ್ಲ. ಆ ಎರಡನೆಯ ಆಂಪ್ಲಿಫೈಯರನ್ನು ಅತಿ ತಗ್ಗಿನ ಸ್ವರಗಳನ್ನಷ್ಟೇ ನುಡಿಸುವ ಒಂದು ಒಳ್ಳೆಯ ಸಬ್‌ವೂಫರಿಗೆ ಕೊಟ್ಟು, ಸುಮಾರು 80 ಹರ್ಟ್ಸ್‌ನಲ್ಲಿ, ಆಂಪ್ಲಿಫೈಯರಿಗೆ ಮೊದಲೇ, ಸಿಗ್ನಲನ್ನು ವಿಂಗಡಿಸುತ್ತಿದ್ದೆ. ಆಗ ಸಿಗುವುದು ಮೇಲೆ ಹೇಳಿದ ಎರಡನೆಯ ವಿಧಾನದ ಲಾಭವೇ; ಸ್ಪೀಕರಿನ ಪೆಟ್ಟಿಗೆಯ ಒಂದು ತಿರುಪನ್ನೂ ಬಿಚ್ಚಬೇಕಾಗಿಲ್ಲ.