ಮೆನಿಸ್ಕಸ್ ಹೊಲಿಗೆ: ಕಾಲೂರಬಹುದೇ ಎಂಬುದನ್ನು ಸೀಳಿನ ದಿಕ್ಕು ನಿರ್ಧರಿಸುವ ಬಗೆ

ಮೊಣಕಾಲಿನೊಳಗೆ ತೊಡೆಮೂಳೆಗೂ ಕೆಳಗಿನ ಟಿಬಿಯಾ ಮೂಳೆಗೂ ನಡುವೆ ಒಳಬದಿಗೊಂದು, ಹೊರಬದಿಗೊಂದು ಮೆನಿಸ್ಕಸ್, ಅಂದರೆ ಅರ್ಧಚಂದ್ರಾಕಾರದ ಮೃದ್ವಸ್ಥಿಯ ಮೆತ್ತೆ, ಇರುತ್ತದೆ. ರಚನೆಯ ಉಳಿದ ವಿವರಗಳು ಎಲ್ಲ ಪಠ್ಯಗಳಲ್ಲೂ ಇರುವುದರಿಂದ ಇಲ್ಲಿ ಬಿಟ್ಟಿದ್ದೇನೆ.

ಸೀಳಿದ ಮೆನಿಸ್ಕಸ್ಸಿಗೆ ಹಾಕಿದ ಹೊಲಿಗೆ ಕೂಡಿಕೊಳ್ಳಬೇಕಾದರೆ ಆ ಜಾಗಕ್ಕೆ ರಕ್ತ ತಲುಪಬೇಕು. ವಯಸ್ಕರಲ್ಲಿ ಒಳಬದಿಯ ಮೆನಿಸ್ಕಸ್‌ನ ಹೊರ ಅಂಚಿನ ಶೇ. 10ರಿಂದ 30ರಷ್ಟು ಭಾಗಕ್ಕೆ ಮಾತ್ರ ರಕ್ತನಾಳಗಳಿವೆ ಎಂಬುದನ್ನು ಸಂಶೋಧಕರಾದ ಆರ್ನೋಜ್ಕಿ ಮತ್ತು ವಾರೆನ್ 1982ರಲ್ಲಿ ತೋರಿಸಿದರು. ಹೊರಗಿನಿಂದ ಒಳಕ್ಕೆ ಕೆಂಪು-ಕೆಂಪು, ಕೆಂಪು-ಬಿಳಿ, ಬಿಳಿ-ಬಿಳಿ ಎಂದು ವಲಯಗಳನ್ನು ಗುರುತಿಸುವುದು ಇದೇ ಕಾರಣಕ್ಕೆ. ಸೀಳು ಹೊರ ಅಂಚಿಗೆ ಹತ್ತಿರವಾದಷ್ಟೂ ಹೊಲಿಗೆ ಫಲಿಸುವ ಸಾಧ್ಯತೆ ಹೆಚ್ಚು. ಸೀಳಿನ ಅಂಚುಗಳನ್ನು ಮೊದಲು ಕೆರೆದು ಹಸಿ ಮಾಡುವುದೂ, ಕೆಲವೊಮ್ಮೆ ತೊಡೆಮೂಳೆಯ ತುದಿಯಲ್ಲಿ ಸಣ್ಣ ರಂಧ್ರಗಳನ್ನು ಕೊರೆದು ಮಜ್ಜೆಯ ರಕ್ತ ಕೀಲಿನೊಳಕ್ಕೆ ಒಸರುವಂತೆ ಮಾಡುವುದೂ ಈ ಕೊರತೆಯನ್ನು ತುಂಬುವುದಕ್ಕಾಗಿಯೇ.

ಎಡಿನ್‌ಬರೋದಲ್ಲಿ ಶಸ್ತ್ರಚಿಕಿತ್ಸಕ ಥಾಮಸ್ ಆನಂಡೇಲ್ 1883ರಲ್ಲೇ ಮೆನಿಸ್ಕಸ್ಸನ್ನು ಹೊಲಿದಿದ್ದರೂ ಮುಂದಿನ ಹಲವು ದಶಕಗಳ ಕಾಲ ಅದನ್ನು ತೆಗೆದುಹಾಕುವುದೇ ರೂಢಿಯಾಗಿತ್ತು. ಹೀಗೆ ತೆಗೆದ ಮೊಣಕಾಲುಗಳಲ್ಲಿ ಕೀಲಿನ ಅಂತರ ಕಿರಿದಾಗುವುದನ್ನೂ ಮೂಳೆಯ ತುದಿ ಚಪ್ಪಟೆಯಾಗುವುದನ್ನೂ ಫೇರ್‌ಬ್ಯಾಂಕ್ 1948ರಲ್ಲಿ ಎಕ್ಸ್‌ರೇಗಳ ಮೂಲಕ ವರ್ಣಿಸಿದರು. ಈಗ ಆರ್ತ್ರೋಸ್ಕೋಪಿನ (ಸಣ್ಣ ರಂಧ್ರದ ಮೂಲಕ ಕೀಲಿನೊಳಗನ್ನು ತೋರಿಸುವ ಕ್ಯಾಮೆರಾ ಕೊಳವೆ) ನೆರವಿನಿಂದ ಮೂರು ವಿಧಗಳಲ್ಲಿ ಹೊಲಿಯುತ್ತಾರೆ: ಉದ್ದನೆಯ ಸೂಜಿಯನ್ನು ಒಳಗಿನಿಂದ ಹೊರಕ್ಕೆ ತೂರಿಸಿ ಕೀಲಿನ ಪೊರೆಯ ಮೇಲೆ ಗಂಟು ಹಾಕುವುದು, ಮುಂಭಾಗದ ಸೀಳುಗಳಿಗೆ ಹೊರಗಿನಿಂದ ಒಳಕ್ಕೆ ಹೊಲಿಯುವುದು, ಹಿಂಭಾಗದ ಸೀಳುಗಳಿಗೆ ಪೂರ್ತಿ ಕೀಲಿನೊಳಗೇ ಹೊಲಿಯುವುದು. ಹೊಲಿಯುವಾಗ ಒಳಬದಿಯಲ್ಲಿ ಸೆಫಿನಸ್ ನರಕ್ಕೂ ಹೊರಬದಿಯಲ್ಲಿ ಪೆರೋನಿಯಲ್ ನರಕ್ಕೂ ಅಪಾಯವಿದೆ.

ಈಗ ನನ್ನನ್ನು ಬಹಳ ಕಾಡಿದ ಪ್ರಶ್ನೆಗೆ ಬರೋಣ. ಒಬ್ಬ ರೋಗಿಗೆ ಬ್ರೇಸ್ (ಮೊಣಕಾಲನ್ನು ಹಿಡಿದಿಡುವ ಪಟ್ಟಿ) ಹಾಕಿ ಬೇಗನೆ ಕಾಲೂರಲು ಬಿಡುತ್ತಾರೆ. ಅದೇ ಮೆನಿಸ್ಕಸ್ಸಿಗೆ ಹೊಲಿಗೆ ಹಾಕಿಸಿಕೊಂಡ ಇನ್ನೊಬ್ಬರಿಗೆ ಸುಮಾರು 6 ವಾರ ಊರುಗೋಲು ಹಿಡಿದು ಆ ಕಾಲಿನ ಮೇಲೆ ಭಾರವನ್ನೇ ಹಾಕಬೇಡಿ ಎನ್ನುತ್ತಾರೆ. ಹೀಗೇಕೆ?

ಮೆನಿಸ್ಕಸ್ಸಿನ ಅಡ್ಡಕೊಯ್ತವು ಹೊರಗೆ ದಪ್ಪ, ಒಳಗೆ ತೆಳುವಾದ ಬೆಣೆಯಂತಿರುತ್ತದೆ. ಮೇಲಿನಿಂದ ದುಂಡನೆಯ ತೊಡೆಮೂಳೆ ಒತ್ತಿದಾಗ ಈ ಬೆಣೆ ಹೊರಕ್ಕೆ ಜಾರಲು ನೋಡುತ್ತದೆ, ಆದರೆ ಅದರ ಎರಡೂ ತುದಿಗಳು ಟಿಬಿಯಾಕ್ಕೆ ಬಲವಾಗಿ ಅಂಟಿಕೊಂಡಿರುವುದರಿಂದ ಜಾರಲಾಗುವುದಿಲ್ಲ. ಆಗ ಅದರ ಸುತ್ತಲೂ ಬಾಗಿ ಸಾಗುವ ಕೊಲಾಜೆನ್ ನಾರುಗಳು ಪೀಪಾಯಿಗೆ ಬಿಗಿದ ಪಟ್ಟಿಯಂತೆ ಸೆಟೆದು ನಿಲ್ಲುತ್ತವೆ. ಅಂದರೆ ಒಂದೇ ಭಾರದಿಂದ ಎರಡು ಬಲಗಳು ಹುಟ್ಟುತ್ತವೆ: ಒಂದು ಹೊರಮುಖವಾದ ತಳ್ಳು, ಇನ್ನೊಂದು ಸುತ್ತಳತೆಯ ಉದ್ದಕ್ಕೂ ಸಾಗುವ ಎಳೆತ. ಕಾಗದದ ಮೇಲೆ ಅರ್ಧಚಂದ್ರವೊಂದನ್ನು ಬರೆದು, ಈ ಎರಡು ಬಲಗಳಿಗೆ ಎರಡು ಬಣ್ಣದ ಬಾಣಗಳನ್ನು ಹಾಕಿ, ಆಮೇಲೆ ಸೀಳುಗಳನ್ನು ಎಳೆದು ನೋಡಿದರೆ ಉತ್ತರ ತಾನಾಗಿ ಹೊಳೆಯುತ್ತದೆ.

ಉದ್ದುದ್ದನೆಯ ಸೀಳು ನಾರುಗಳಿಗೆ ಸಮಾನಾಂತರವಾಗಿರುತ್ತದೆ. ಹಾಗಾಗಿ ಹೊರಮುಖದ ತಳ್ಳು ಒಳತುಂಡನ್ನು ಹೊರತುಂಡಿನ ಮೇಲೆ ಒತ್ತಿ ಸೀಳನ್ನು ಮುಚ್ಚುತ್ತದೆ. ಅಡ್ಡ ಸೀಳು ನಾರುಗಳನ್ನೇ ಕತ್ತರಿಸಿರುತ್ತದೆ. ಅಲ್ಲಿ ಸುತ್ತಳತೆಯ ಎಳೆತವು ಎರಡೂ ತುದಿಗಳನ್ನು ಪರಸ್ಪರ ದೂರಕ್ಕೆ ಜಗ್ಗಿ ಹೊಲಿಗೆಗೇ ಹೊರೆಯಾಗುತ್ತದೆ. ಬೇರು, ಅಂದರೆ ಟಿಬಿಯಾಕ್ಕೆ ಅಂಟಿರುವ ತುದಿ, ಕಿತ್ತಿದ್ದರೆ ಹಿಡಿದಿಡುವ ಗೂಟವೇ ಇಲ್ಲದಂತಾಗಿ ಮೆನಿಸ್ಕಸ್ ಹೊರಕ್ಕೆ ಸರಿಯುತ್ತದೆ. ನಾನು ನೆನಪಿಟ್ಟುಕೊಂಡಿರುವ ಸೂತ್ರ ಇಷ್ಟೇ: ಸೀಳು ನಾರಿನ ಜಾಡಿನಲ್ಲಿದ್ದರೆ ಭಾರ ಮುಚ್ಚುತ್ತದೆ, ನಾರಿಗೆ ಅಡ್ಡಲಾಗಿದ್ದರೆ ಭಾರ ತೆರೆಯುತ್ತದೆ. ಮೊಣಕಾಲು ನೆಟ್ಟಗಿರುವಾಗ ಮಾತ್ರ ಈ ಸೂತ್ರ ನಿಲ್ಲುತ್ತದೆ ಎಂಬುದನ್ನು ಮರೆಯಬಾರದು. ಬ್ರೇಸನ್ನು ನೆಟ್ಟಗೆ ಬಿಗಿದು ನಡೆಸುವುದು ಅದಕ್ಕೇ.

ಮಡಿಚಿದಾಗ ಲೆಕ್ಕ ಬದಲಾಗುತ್ತದೆ. ಮೊಣಕಾಲು ಬಾಗಿದಂತೆ ಮೆನಿಸ್ಕಸ್ ಹಿಂದಕ್ಕೆ ಸರಿದು, ಹಿಂಭಾಗದ ಮೇಲೆ ಒತ್ತಡ ಏರುತ್ತದೆ. ಆದ್ದರಿಂದ ಮೊದಲ 4ರಿಂದ 6 ವಾರ ಮಡಿಚುವುದನ್ನು ಸಾಮಾನ್ಯವಾಗಿ 90 ಡಿಗ್ರಿಗೆ ಮಿತಿಗೊಳಿಸುತ್ತಾರೆ. ತೊಡೆಯ ಹಿಂದಿನ ಸೆಮಿಮೆಂಬ್ರನೋಸಸ್ ಸ್ನಾಯುವಿನ ಎಳೆಗಳು ಒಳ ಮೆನಿಸ್ಕಸ್ಸಿನ ಹಿಂಭಾಗಕ್ಕೂ ಅಂಟಿರುವುದರಿಂದ ತೊಡೆಯ ಹಿಂದಿನ ಸ್ನಾಯುಗಳಿಗೆ ಪ್ರತಿರೋಧ ಕೊಟ್ಟು ಮಾಡಿಸುವ ವ್ಯಾಯಾಮವನ್ನೂ ಆರಂಭದಲ್ಲಿ ತಡೆಹಿಡಿಯುತ್ತಾರೆ.

ಈ ಅವಧಿಯಲ್ಲಿ ತೊಡೆಯ ಮುಂದಿನ ಸ್ನಾಯು ಬೇಗನೆ ಸೊರಗುತ್ತದೆ. ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮೊಣಕಾಲನ್ನು ಹಾಸಿಗೆಗೆ ಒತ್ತಿ ಹಿಡಿದಾಗ ಮಂಡಿಚಿಪ್ಪಿನ ಮೇಲೆ, ಒಳಬದಿಯಲ್ಲಿ ಸ್ನಾಯು ಗಟ್ಟಿಯಾಗುವುದು ಬೆರಳಿಗೆ ತಿಳಿಯಬೇಕು. ತಿಳಿಯದಿದ್ದರೆ ಕಾಲೆತ್ತುವ ವ್ಯಾಯಾಮಕ್ಕೆ ಅವಸರಪಡುವುದು ಸರಿಯಲ್ಲ. ಆಟಕ್ಕೆ ಮರಳಲು ಹೆಚ್ಚಾಗಿ 4ರಿಂದ 6 ತಿಂಗಳು ಬೇಕಾಗುತ್ತದೆ, ಅಡ್ಡ ಸೀಳು ಮತ್ತು ಬೇರಿನ ಹೊಲಿಗೆಗೆ ಇನ್ನೂ ಹೆಚ್ಚು. ಭಾರ ಹೊತ್ತು ಆಳಕ್ಕೆ ಕುಕ್ಕರಗಾಲಿನಲ್ಲಿ ಕೂರುವುದನ್ನು ಆ ಅವಧಿ ಮುಗಿಯುವವರೆಗೂ ದೂರವಿಡಬೇಕು. ವೈದ್ಯರು ಕೊಟ್ಟ ವೇಳಾಪಟ್ಟಿ ಈ ಅಂಕಿಗಳಿಗಿಂತ ಭಿನ್ನವಾಗಿದ್ದರೆ, ಕೀಲಿನೊಳಗನ್ನು ಕಣ್ಣಾರೆ ಕಂಡವರು ಅವರೇ ಆದ್ದರಿಂದ ಅದನ್ನೇ ಪಾಲಿಸಬೇಕು. ವ್ಯಾಯಾಮ ಹೆಚ್ಚಿಸಿದ ಮರುದಿನ ಮೊಣಕಾಲು ಊದಿಕೊಂಡಿದ್ದರೆ ಒಂದು ಹಂತ ಹಿಂದಕ್ಕೆ ಹೋಗಬೇಕು. ಸಿಕ್ಕಿಹಾಕಿಕೊಂಡಂತಾಗಿ ನೆಟ್ಟಗಾಗದೆ ಉಳಿದರೆ ಕಾಯದೆ ಶಸ್ತ್ರಚಿಕಿತ್ಸಕರಿಗೆ ತೋರಿಸಬೇಕು.