ವಾಲ್ವ್ ಆಂಪ್‌ಗೆ 5 ವಾಟ್ ಸಾಕಾ?

ಪ್ರಶ್ನೆ: ಗಿಟಾರಿಗೆ ಮನೆಯಲ್ಲೇ ಒಂದು ವಾಲ್ವ್ ಆಂಪ್ (ಟ್ರಾನ್ಸಿಸ್ಟರ್ ಬದಲು ಗಾಜಿನ ಕೊಳವೆಗಳಿರುವ ಆಂಪ್ಲಿಫೈಯರ್) ಕಟ್ಟಬೇಕು ಅಂತಿದ್ದೇನೆ ಸರ್. 5 ವಾಟ್ ತೀರಾ ಕಡಿಮೆ ಆಗುವುದಿಲ್ವಾ? 50 ವಾಟಿನದ್ದೇ ಕಟ್ಟಲಾ?

5 ವಾಟ್ ಸಾಕು. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಕುಂಬಳೆಯವರು ಕೇಳಿ ಮುಗಿಸುವಷ್ಟರಲ್ಲಿ ಉಪ್ಪಳದವರು ಶುರು ಮಾಡುತ್ತಾರೆ. ಎಲ್ಲರ ತಲೆಯಲ್ಲೂ ಇರುವುದು ಒಂದೇ ಲೆಕ್ಕ: ವಾಟ್ ಹತ್ತು ಪಟ್ಟಾದರೆ ಸದ್ದೂ ಹತ್ತು ಪಟ್ಟು.

ಹಾಗಲ್ಲ ಮಾರಾಯ್ರೇ. ಸದ್ದು ಅಳೆಯುವುದು ಡೆಸಿಬಲ್‌ನಲ್ಲಿ. ವಾಟ್ ಹತ್ತು ಪಟ್ಟಾದರೆ ಏರುವುದು 10 ಡೆಸಿಬಲ್. ಕಿವಿಗೆ ಅದು ಹೆಚ್ಚುಕಡಿಮೆ ಎರಡು ಪಟ್ಟು ಅನ್ನಿಸುತ್ತದೆ, ಅಷ್ಟೇ. 5 ವಾಟನ್ನು 10 ಮಾಡಿದರೆ ಬರೀ 3 ಡೆಸಿಬಲ್.

ಇನ್ನು ಸ್ಪೀಕರ್. ಅದರ ಬಗ್ಗೆ ಯಾರೂ ಕೇಳುವುದೇ ಇಲ್ಲ! 1 ವಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದಾಗ ಒಂದು ಸ್ಪೀಕರ್ 90 ಡೆಸಿಬಲ್ ಕೊಡುತ್ತದೆ, ಇನ್ನೊಂದು 97. ಒಳ್ಳೆಯದಕ್ಕೆ 5 ವಾಟ್ ಕೊಡಿ: 104. ಮಂದದ್ದಕ್ಕೆ 50 ವಾಟ್ ಕೊಡಿ: 107. ಈ 3 ಡೆಸಿಬಲ್‌ಗೋಸ್ಕರ ನೀವು ಎರಡು ಇಎಲ್34 ವಾಲ್ವ್, 400 ವೋಲ್ಟಿಗೂ ಮೇಲಿನ ಸಪ್ಲೈ, ಎತ್ತಲಾಗದ ಟ್ರಾನ್ಸ್‌ಫಾರ್ಮರ್ ಎಲ್ಲ ಕಟ್ಟಿಕೊಳ್ಳುತ್ತೀರಿ.

ಅದಕ್ಕಿಂತ ಮುಖ್ಯ ಇನ್ನೊಂದಿದೆ. ವಾಲ್ವ್ ಆಂಪಿನಲ್ಲಿ ನಿಮಗೆ ಬೇಕಾದ ಆ ಒರಟು ಸಿಹಿ ಸ್ವರ ಬರುವುದು ಸ್ಪೀಕರನ್ನು ನಡೆಸುವ ಔಟ್‌ಪುಟ್ ವಾಲ್ವ್ ತನ್ನ ಮಿತಿ ಮುಟ್ಟಿದಾಗ. 50 ವಾಟಿನದ್ದನ್ನು ಅಲ್ಲಿಯವರೆಗೆ ತಿರುಗಿಸಿ ನೋಡಿ, ಪಕ್ಕದ ಮನೆಯವರು ತೋಟ ದಾಟಿ ಬರುತ್ತಾರೆ. ಹಾಗಾಗಿ ವಾಲ್ಯೂಮ್ ನಾಬ್ ಎರಡರ ಮೇಲೆ ಏರುವುದೇ ಇಲ್ಲ. ಶಾಲೆಯ ವಾರ್ಷಿಕೋತ್ಸವದಲ್ಲಿ, ಮದುವೆಯಲ್ಲಿ ನುಡಿಸಬೇಕಾ? ಆಂಪಿನ ಮುಂದೆ ಮೈಕ್ ಇಡಿ. ಸೌಂಡಿನವರು ಇರುವುದೇ ಅದಕ್ಕೆ.

ಕಟ್ಟಲು 1950ರ ದಶಕದ ಫೆಂಡರ್ ಚಾಂಪ್ ಅನ್ನುವ ಅಮೆರಿಕದ ಪುಟ್ಟ ಆಂಪಿನ ಸರ್ಕ್ಯೂಟ್ ಹಿಡಿಯಿರಿ. ಮೂರೇ ವಾಲ್ವ್: ಒಂದು 12ಎಎಕ್ಸ್7, ಔಟ್‌ಪುಟ್ಟಿಗೆ ಒಂದು 6ವಿ6, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರಿಗೆ 5ವೈ3. ಒಂದೇ ನಾಬ್. ಟ್ರಾನ್ಸ್‌ಫಾರ್ಮರ್ ಮಾತ್ರ 230 ವೋಲ್ಟಿನದ್ದೇ ಸುತ್ತಿಸಿ, ಅಮೆರಿಕದ ನಕ್ಷೆಯಲ್ಲಿರುವ ಹಾಗಲ್ಲ. ಸ್ಪೀಕರ್ ಜೋಡಿಸದೆ ಆನ್ ಮಾಡಬೇಡಿ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ: ಹಮ್ (ಗುಂಯ್ ಅನ್ನುವ ಸದ್ದು) ಬರುತ್ತದೆ ಅಂತ ಪ್ಲಗ್ಗಿನ ಅರ್ಥ್ ವಯರ್ ಕತ್ತರಿಸುವವರಿದ್ದಾರೆ. ಗಿಟಾರಿನ ತಂತಿಗಳು ಕೇಬಲ್ಲಿನ ಶೀಲ್ಡ್ ಮೂಲಕ ಆಂಪಿನ ಚಾಸಿಗೇ, ಅಂದರೆ ಲೋಹದ ಪೆಟ್ಟಿಗೆಗೇ ಸೇರಿವೆ. ಒಳಗೆ ಮೈನ್ಸ್ ವಯರ್ ಕಳಚಿ ಚಾಸಿಗೆ ತಾಗಿದರೆ ಕರೆಂಟ್ ನೇರ ನಿಮ್ಮ ಬೆರಳಿಗೆ. ತುಟಿ ಮೈಕಿಗೆ ತಾಗಿದ್ದರೆ ಕೇಳುವುದೇ ಬೇಡ. ಅರ್ಥ್ ವಯರ್ ಇದ್ದರೂ ಸಾಲದು, ಅದು ಹೋಗಿ ಸೇರುವ ಹೊಂಡ ಸರಿ ಇರಬೇಕು. ನಮ್ಮ ಮುರಕಲ್ಲಿನ ನೆಲ ಏಪ್ರಿಲ್ ಹೊತ್ತಿಗೆ ಒಣಗಿಬಿಡುತ್ತದೆ. ಆಗ ಅರ್ಥಿಂಗ್ ಹೆಸರಿಗೆ ಮಾತ್ರ. ಅಡಿಕೆಗೆ ನೀರು ಬಿಡುವಾಗ ಆ ಹೊಂಡಕ್ಕೂ ಎರಡು ಕೊಡ ಹಾಕಿ.

"ಮನೆಗೆ ಇಎಲ್‌ಸಿಬಿ ಹಾಕಿಸಿದ್ದೇನಲ್ಲ" ಅನ್ನುತ್ತೀರಿ. ಕರೆಂಟ್ ನೆಲಕ್ಕೆ ಸೋರಿದರೆ ಲೈನ್ ಕಡಿಯುವ ಆ ಸ್ವಿಚ್ ಹಾಕಿಸಿದ್ದು ಒಳ್ಳೆಯದು, ಚಾಸಿಗೆ ಮೈನ್ಸ್ ತಾಗಿದರೆ ಅದು ಟ್ರಿಪ್ ಆಗುತ್ತದೆ. ಆದರೆ ಟ್ರಾನ್ಸ್‌ಫಾರ್ಮರಿನ ಆಚೆ ಇರುವ 340 ವೋಲ್ಟ್ ಡಿಸಿ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಆ ವೋಲ್ಟ್ ನಿಮಗೆ ಹೊಡೆದರೂ ಅದು ಸುಮ್ನೆ ಕೂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಡಿಸಿಯನ್ನು ನಯ ಮಾಡುವ ಫಿಲ್ಟರ್ ಕೆಪಾಸಿಟರಿನಲ್ಲಿ ಆ ಚಾರ್ಜ್ ಉಳಿದಿರಬಹುದು. ಅದಕ್ಕೇ ಮೊದಲ ಫಿಲ್ಟರ್ ಕೆಪಾಸಿಟರಿನ ಎರಡು ತುದಿಗಳ ನಡುವೆ 220 ಕಿಲೋ ಓಮಿನ, 2 ವಾಟಿನ ರೆಸಿಸ್ಟರ್ ಒಂದನ್ನು ಬೆಸೆದುಬಿಡಿ. ಪ್ಲಗ್ ಕಿತ್ತು ಒಂದು ನಿಮಿಷ ಕಾಯಿರಿ, ಮಲ್ಟಿಮೀಟರಿನಲ್ಲಿ ನೋಡಿ, ಸೊನ್ನೆಯ ಹತ್ತಿರ ಬಂದ ಮೇಲೆ ಕೈ ಹಾಕಿ.